ಆಸ್ಪತ್ರೆಯ ಕಡತವನ್ನು ಅಣುಶಕ್ತಿ ಖಾತೆಗೆ ತಂದವರು: ಹೋಮಿ ಜಹಾಂಗೀರ್ ಭಾಭಾ



ನಮ್ಮ ಸಂಘದ ಪುಟದಲ್ಲಿ ಆಗಾಗ ಒಬ್ಬ ಹಿರಿಯರ ಜೀವನ ಪರಿಚಯ ಹಾಕುವುದು ವಾಡಿಕೆ. ಶರಣರು, ಕವಿಗಳು, ಏಕೀಕರಣಕ್ಕೆ ದುಡಿದವರು ಹೀಗೆ ಅನೇಕರ ವಿಷಯ ತಾವು ಓದಿದ್ದೀರಿ. ಈ ಸಲ ಒಬ್ಬ ವಿಜ್ಞಾನಿಯನ್ನು ಆರಿಸಿಕೊಂಡಿದ್ದೇನೆ. ಅವರು ಕನ್ನಡಿಗರಲ್ಲ, ಮುಂಬಯಿಯ ಪಾರ್ಸಿ ಮನೆತನದವರು. ಹೆಸರು ಹೋಮಿ ಜಹಾಂಗೀರ್ ಭಾಭಾ. ಅಣುಬಾಂಬಿನ ಮಾತು ಬಂದಾಗ ಶಾಲೆಯ ಹುಡುಗರೂ ಈ ಹೆಸರು ಹೇಳುತ್ತಾರೆ. ನಾನು ಬರೆಯುತ್ತಿರುವುದು ಬಾಂಬಿನ ವಿಷಯವಲ್ಲ, ಕ್ಯಾನ್ಸರ್ ರೋಗದ ವಿಷಯ. ಅದಕ್ಕೂ ಇವರಿಗೂ ಏನು ಸಂಬಂಧ ಎಂದು ಕೇಳುವವರಿಗೆ ಮೊದಲು ನಮ್ಮ ಮನೆಯ ಒಂದು ಸಂಗತಿ ಹೇಳಬೇಕು.

1994ರಲ್ಲಿ ನಮ್ಮ ಅಕ್ಕನಿಗೆ, ಅಂದರೆ ದೊಡ್ಡಪ್ಪನ ಮಗಳಿಗೆ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಕುಣಿಕೋಣೂರಿನಿಂದ ಜತ್ತಕ್ಕೆ ಬಸ್ಸು, ಅಲ್ಲಿಂದ ಮಿರಜಕ್ಕೆ ಇನ್ನೊಂದು ಬಸ್ಸು, ಮಿರಜದಿಂದ ರಾತ್ರಿಯ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್. ಬೆಳಗಾದರೆ ದಾದರ್. ಅಲ್ಲಿಂದ ಪರೇಲದ ಟಾಟಾ ಆಸ್ಪತ್ರೆ. ಈ ದಾರಿ ನಮ್ಮ ಭಾಗದ ಎಷ್ಟು ಮನೆಯವರಿಗೆ ಬಾಯಿಪಾಠವಾಗಿದೆಯೋ ಲೆಕ್ಕವಿಲ್ಲ.

ಅಕ್ಕನಿಗೆ ಅಲ್ಲಿ ವಿಕಿರಣ ಚಿಕಿತ್ಸೆ ಬರೆದುಕೊಟ್ಟರು. ನಮ್ಮೂರಲ್ಲಿ ಇದಕ್ಕೆ ಕರೆಂಟು ಕೊಡುವುದು ಅನ್ನುತ್ತೇವೆ. ಮರಾಠಿಯವರು ಶೇಕ ಕೊಡುವುದು ಅನ್ನುತ್ತಾರೆ. ಗಡಿಯವರಾದ ನಮಗೆ ಎರಡೂ ಹೆದರಿಕೆ ಒಟ್ಟಿಗೇ ಬಂದವು. ಕನ್ನಡದ ಶಬ್ದದಿಂದ ಶಾಕ್ ಹೊಡೆಯುತ್ತದೆಂಬ ಭಯ, ಮರಾಠಿಯ ಶಬ್ದದಿಂದ ಮೈ ಸುಡುತ್ತದೆಂಬ ಭಯ. ನಿಜವಾಗಿ ನೋಡಿದರೆ ಮೈಗೆ ವಿದ್ಯುತ್ತೂ ತಾಗುವುದಿಲ್ಲ, ಕೊಡುವಾಗ ಬಿಸಿಯೂ ಗೊತ್ತಾಗುವುದಿಲ್ಲ. ಅಕ್ಕ ಮೊದಲ ದಿನ ಒಳಗೆ ಹೋಗಿ ಸ್ವಲ್ಪ ಹೊತ್ತಿನಲ್ಲೇ ಹೊರಗೆ ಬಂದು, ಇನ್ನೂ ಯಾವಾಗ ಶುರು ಮಾಡುತ್ತಾರೆ ಎಂದು ನನ್ನನ್ನೇ ಕೇಳಿದಳು. ಕೊಟ್ಟು ಮುಗಿದಿತ್ತು.

ಅವಳ ಕಾರ್ಡಿನಲ್ಲಿ ನಿಮಿಷದ ಅಂಕಿಯನ್ನು ದಶಾಂಶ ಬಿಂದು ಹಾಕಿ ಬರೆದಿದ್ದರು. ನಾನು ಲೆಕ್ಕ ಬರೆಯುವ ಗುಮಾಸ್ತ. ಎರಡು ನಿಮಿಷ ಎಂದು ಸರಿಯಾಗಿ ಬರೆಯದೆ ಇಷ್ಟು ಸೂಕ್ಷ್ಮ ಏಕೆ ಎಂದು ಕುತೂಹಲವಾಯಿತು. ಅಲ್ಲಿದ್ದ ಒಬ್ಬ ತರುಣನನ್ನು ಕೇಳಿದೆ. ಅವನು ಬೇಸರಪಡದೆ ಮರಾಠಿಯಲ್ಲಿ ವಿವರಿಸಿದ. ಯಂತ್ರದೊಳಗೆ ಕೋಬಾಲ್ಟ್ 60 ಎಂಬ ಲೋಹದ ತುಣುಕು ಇರುತ್ತದೆ. ಅದರ ಶಕ್ತಿ ತಿಂಗಳಿಗೆ ಸುಮಾರು ನೂರಕ್ಕೆ ಒಂದರಂತೆ ಇಳಿಯುತ್ತದೆ, ಐದೂಕಾಲು ವರ್ಷಕ್ಕೆ ಅರ್ಧವಾಗುತ್ತದೆ. ಆದ್ದರಿಂದ ಹೊತ್ತನ್ನು ಮತ್ತೆ ಮತ್ತೆ ಲೆಕ್ಕ ಹಾಕಿ ಹೆಚ್ಚಿಸಬೇಕು. ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ಪಕ್ಕದ ಕರುಳು, ಮೂತ್ರಕೋಶಕ್ಕೆ ಪೆಟ್ಟು. ಡಾಕ್ಟರ್ ಸಾಹೇಬರೇ ಎಂದು ನಾನು ಅವನಿಗೆ ಕೈ ಮುಗಿದರೆ ಅವನು ನಕ್ಕು, ತಾನು ಡಾಕ್ಟರಲ್ಲ, ಫಿಸಿಕ್ಸ್ ಓದಿದವನು, ಟ್ರಾಂಬೆಯಲ್ಲಿ ತರಬೇತಿ ಪಡೆದು ಬಂದವನು ಎಂದ.

ಆಸ್ಪತ್ರೆಯಲ್ಲಿ ಫಿಸಿಕ್ಸ್ ಓದಿದವನಿಗೆ ಏನು ಕೆಲಸ? ಅಣುಶಕ್ತಿಯ ಟ್ರಾಂಬೆಗೂ ಪರೇಲದ ಆಸ್ಪತ್ರೆಗೂ ಏನು ನಂಟು? ಈ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ನಿವೃತ್ತಿಯ ನಂತರ ಪುಸ್ತಕ ಹಿಡಿದು ಕೂತಾಗ ಉತ್ತರ ಸಿಕ್ಕಿತು.

ಭಾಭಾ ಅವರ ಕಥೆ ಮೈಸೂರಿನಿಂದ ಶುರುವಾಗುತ್ತದೆ ಎಂದರೆ ತಾವು ನಂಬಲಿಕ್ಕಿಲ್ಲ. ಅವರ ಅಜ್ಜ ಹೊರ್ಮುಸ್ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದರು. ಅವರ ಮಗ ಜಹಾಂಗೀರ್ ಬೆಂಗಳೂರಿನಲ್ಲಿ ಬೆಳೆದು ಆಕ್ಸ್‌ಫರ್ಡಿನಲ್ಲಿ ಓದಿ ವಕೀಲರಾದರು. ಮಗಳು ಮೆಹರ್‌ಬಾಯಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದರು. ಜಮ್‌ಶೇಟ್‌ಜಿ ಟಾಟಾ ಅವರಿಗೆ ಈ ಮನೆತನದ ಪರಿಚಯವಿತ್ತು. ಅವರ ಹಿರಿಯ ಮಗ ದೊರಾಬ್‌ಜಿ 1898ರಲ್ಲಿ ಮೆಹರ್‌ಬಾಯಿಯವರನ್ನು ಮದುವೆಯಾದರು. ಹೋಮಿ ಅವರಿಗೆ ಈಕೆ ಸೋದರತ್ತೆ. ಓದುವವರು ಗೊಂದಲ ಮಾಡಿಕೊಳ್ಳಬಾರದು, ಹೋಮಿ ಅವರ ತಾಯಿಯ ಹೆಸರೂ ಮೆಹರ್‌ಬಾಯಿಯೇ.

ಅತ್ತೆ ಮೆಹರ್‌ಬಾಯಿಯವರಿಗೆ ಮಕ್ಕಳಿರಲಿಲ್ಲ. 1931ರಲ್ಲಿ ಅವರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷವೇ ದೊರಾಬ್‌ಜಿಯವರೂ ಹೋದರು. ಹೋಗುವ ಮೊದಲು ಆಸ್ತಿಯನ್ನೆಲ್ಲ ದತ್ತಿಗೆ ಬರೆದಿದ್ದರು. ಪತ್ನಿಯ ಹೆಸರಿನಲ್ಲಿ ರಕ್ತದ ಕ್ಯಾನ್ಸರಿನ ಸಂಶೋಧನೆಗೆಂದೇ ಬೇರೊಂದು ನಿಧಿಯೂ ಆಯಿತು. ಆ ದೊಡ್ಡ ದತ್ತಿಯಿಂದ ಕಟ್ಟಿದ್ದೇ ಪರೇಲದ ಟಾಟಾ ಮೆಮೋರಿಯಲ್ ಆಸ್ಪತ್ರೆ, 28 ಫೆಬ್ರವರಿ 1941ರಂದು ಅದರ ಬಾಗಿಲು ತೆರೆಯಿತು. ನಮ್ಮ ಭಾಗದ ಬಡವರು ಟಾಟಾಕ್ಕೆ ಹೋಗಿ ಬಂದೆವು ಎನ್ನುವಾಗ ಆ ಕಟ್ಟಡದ ಹಿಂದೆ ಬೆಂಗಳೂರಿನಲ್ಲಿ ಬೆಳೆದ ಒಬ್ಬ ಹೆಣ್ಣುಮಗಳ ಸಾವು ಇದೆ ಎಂಬುದು ಅನೇಕರಿಗೆ ತಿಳಿದಿಲ್ಲ. ನನಗೂ ತಿಳಿದಿರಲಿಲ್ಲ.

ಹೋಮಿ ಹುಟ್ಟಿದ್ದು 30 ಅಕ್ಟೋಬರ್ 1909ರಂದು ಮುಂಬಯಿಯಲ್ಲಿ. ಕೆಥೆಡ್ರಲ್ ಶಾಲೆ, ಎಲ್ಫಿನ್‌ಸ್ಟನ್ ಕಾಲೇಜು, ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಮುಗಿಸಿ 1927ರಲ್ಲಿ ಕೇಂಬ್ರಿಜಿಗೆ ಹೋದರು. ಎಂಜಿನಿಯರ್ ಆಗಿ ಬಂದು ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ನಿಲ್ಲಲಿ ಎಂಬುದು ಹಿರಿಯರ ಇಚ್ಛೆ. ಹುಡುಗನ ಮನಸ್ಸು ಭೌತಶಾಸ್ತ್ರದ ಕಡೆ. ತಂದೆಗೆ ಪತ್ರ ಬರೆದು ತನಗೆ ಎಂಜಿನಿಯರಿಂಗ್ ಒಗ್ಗುವುದಿಲ್ಲ ಎಂದು ತಿಳಿಸಿದರು. ತಂದೆ ಬೈಯಲಿಲ್ಲ, ಒಂದು ಕರಾರು ಹಾಕಿದರು. ಮೊದಲು ಎಂಜಿನಿಯರಿಂಗಿನಲ್ಲಿ ಪ್ರಥಮ ದರ್ಜೆ ತೆಗೆದುಕೋ, ಆಮೇಲೆ ಗಣಿತ ಓದಲು ಖರ್ಚು ಕೊಡುತ್ತೇನೆ ಎಂದರು. 1930ರಲ್ಲಿ ಅದೂ ಆಯಿತು, 1932ರಲ್ಲಿ ಗಣಿತದಲ್ಲಿಯೂ ಪ್ರಥಮ ದರ್ಜೆ ಆಯಿತು. ಮಕ್ಕಳ ಓದಿನ ವಿಷಯದಲ್ಲಿ ಜಗಳವಾಡುವ ಪಾಲಕರು ಈ ಕರಾರನ್ನು ನೆನಪಿಡಬಹುದು.

1937ರಲ್ಲಿ ಅವರು ಹೈಟ್ಲರ್ ಎಂಬ ವಿಜ್ಞಾನಿಯ ಜೊತೆ ಸೇರಿ ಒಂದು ಸಿದ್ಧಾಂತ ಮಂಡಿಸಿದರು. ಆಕಾಶದಿಂದ ಬರುವ ಅತಿ ವೇಗದ ಒಂದು ಎಲೆಕ್ಟ್ರಾನ್ ಗಾಳಿಯಲ್ಲಿ ಬಡಿದಾಗ ಗಾಮಾ ಕಿರಣ ಹುಟ್ಟುತ್ತದೆ, ಆ ಕಿರಣ ಒಡೆದು ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ ಆಗುತ್ತದೆ, ಅವು ಮತ್ತೆ ಕಿರಣ ಹುಟ್ಟಿಸುತ್ತವೆ. ಒಂದು ಜೋಳದ ಕಾಳು ಬಿತ್ತಿದರೆ ತೆನೆ ತುಂಬ ಕಾಳಾದ ಹಾಗೆ, ಒಂದರಿಂದ ನೂರಾರು. ಎಲೆಕ್ಟ್ರಾನಿಗೂ ಪಾಸಿಟ್ರಾನಿಗೂ ಢಿಕ್ಕಿಯಾಗುವ ಲೆಕ್ಕವನ್ನು ಅದಕ್ಕೂ ಮೊದಲೇ ಮಾಡಿದ್ದರು. ಅದಕ್ಕೆ ಇಂದಿಗೂ ಭಾಭಾ ಚದರಿಕೆ ಎಂದೇ ಹೆಸರು. ಇದು ಕೇವಲ ಆಕಾಶದ ಮಾತಲ್ಲ. ಕಿರಣವೊಂದು ಮನುಷ್ಯನ ಮೈಯೊಳಗೆ ಹೊಕ್ಕಾಗ ಎಲ್ಲಿ ಎಷ್ಟು ಶಕ್ತಿ ಇಳಿಸುತ್ತದೆ ಎಂದು ಇಂದಿನ ಆಸ್ಪತ್ರೆಯ ಕಂಪ್ಯೂಟರ್ ಹಾಕುವ ಲೆಕ್ಕವೂ ಇದೇ ಜಾತಿಯದು. ಆಗ ಭಾಭಾ ಅವರಿಗೆ ಆಸ್ಪತ್ರೆಯ ಯೋಚನೆ ಇತ್ತೆಂದು ಹೇಳಲಾರೆ.

1939ರಲ್ಲಿ ರಜೆಗೆಂದು ಊರಿಗೆ ಬಂದಾಗ ಮಹಾಯುದ್ಧ ಶುರುವಾಯಿತು. ಮರಳಿ ಹೋಗಲು ಆಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿ ಸಿ.ವಿ. ರಾಮನ್ ಇದ್ದರು, ವಿಕ್ರಮ್ ಸಾರಾಭಾಯಿಯೂ ಆಗ ಅಲ್ಲಿಯೇ. 1941ರಲ್ಲಿ, ಅತ್ತೆಯ ನೆನಪಿನ ಆಸ್ಪತ್ರೆ ತೆರೆದ ವರ್ಷವೇ, ರಾಯಲ್ ಸೊಸೈಟಿಯ ಫೆಲೋ ಆದರು. ಕೇಂಬ್ರಿಜಿಗೆ ಮರಳುವ ಆಸೆ ಬೆಂಗಳೂರಿನ ಐದಾರು ವರ್ಷಗಳಲ್ಲಿ ಕರಗಿತು. 12 ಮಾರ್ಚ್ 1944ರಂದು ದೊರಾಬ್‌ಜಿ ಟಾಟಾ ದತ್ತಿಗೆ ಪತ್ರ ಬರೆದು ಮೂಲ ವಿಜ್ಞಾನಕ್ಕೆ ಒಂದು ಸಂಸ್ಥೆ ಬೇಕೆಂದು ಕೇಳಿದರು. ಇನ್ನು ಕೆಲವು ದಶಕಗಳಲ್ಲಿ ಅಣುಶಕ್ತಿ ಬಳಕೆಗೆ ಬಂದಾಗ ತಜ್ಞರಿಗಾಗಿ ಪರದೇಶದ ಕಡೆ ಕೈ ಚಾಚದೆ ಇಲ್ಲಿಯೇ ತಯಾರಾದವರು ಸಿಗಬೇಕು ಎಂಬುದು ಅದರ ತಿರುಳು. ಪತ್ರದ ದಿನಾಂಕ ನೋಡಿ. ಹಿರೋಶಿಮಾ ಇನ್ನೂ ಒಂದೂವರೆ ವರ್ಷ ಮುಂದೆ ಇತ್ತು. ಯಂತ್ರ ಬೇಕು, ಕಟ್ಟಡ ಬೇಕು ಎಂದು ಕೇಳುವವರನ್ನು ನನ್ನ ನೌಕರಿಯಲ್ಲಿ ಬಹಳ ಕಂಡಿದ್ದೇನೆ. ಜನರನ್ನು ತಯಾರು ಮಾಡಲು ಹಣ ಕೊಡಿ ಎಂದು ಕೇಳಿದವರು ಕಡಿಮೆ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಜೂನ್ 1945ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು, ಡಿಸೆಂಬರಿನಲ್ಲಿ ಮುಂಬಯಿಗೆ ಹೋಯಿತು. ಆರು ತಿಂಗಳಿಗೇ ಕೈ ತಪ್ಪಿತಲ್ಲ ಎಂದು ನಮ್ಮವರು ಹಳಹಳಿಸುವುದುಂಟು. ಮುಂದಿನದು ಬಹಳ ಜನಕ್ಕೆ ಗೊತ್ತಿರುವ ಚರಿತ್ರೆ. 1948ರಲ್ಲಿ ಅಣುಶಕ್ತಿ ಆಯೋಗ, ಅದರ ಅಧ್ಯಕ್ಷತೆ, ನೆಹರೂ ಅವರ ಪೂರ್ಣ ಬೆಂಬಲ, 1954ರಲ್ಲಿ ಟ್ರಾಂಬೆಯ ಕೇಂದ್ರ, 1955ರಲ್ಲಿ ಜಿನೀವಾದ ವಿಶ್ವಸಂಸ್ಥೆ ಸಮ್ಮೇಳನದ ಅಧ್ಯಕ್ಷತೆ, 4 ಆಗಸ್ಟ್ 1956ರಂದು ಅಪ್ಸರಾ ರಿಯಾಕ್ಟರ್.

ನನಗೆ ಮುಖ್ಯವಾಗಿ ಕಂಡದ್ದು 1957ರ ತರಬೇತಿ ಶಾಲೆ. ಕಾಲೇಜು ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ, ಸ್ಟೈಪೆಂಡ್ ಕೊಟ್ಟು, ಒಂದು ವರ್ಷ ಕಲಿಸಿ, ಪಾಸಾದವರಿಗೆ ಅಲ್ಲಿಯೇ ಕೆಲಸ ಕೊಡುವ ಪದ್ಧತಿ. ಫಿಸಿಕ್ಸಿನವರು ಸ್ವಲ್ಪ ರಸಾಯನ ಕಲಿಯಬೇಕು, ಎಂಜಿನಿಯರುಗಳು ಸ್ವಲ್ಪ ಫಿಸಿಕ್ಸ್ ಕಲಿಯಬೇಕು, ವಿಕಿರಣದಿಂದ ಮೈಗೆ ಏನಾಗುತ್ತದೆಂಬುದು ಎಲ್ಲರಿಗೂ ತಿಳಿದಿರಬೇಕು. ಆ ಶಾಲೆಯನ್ನು ಕಟ್ಟುವುದರಲ್ಲಿ ನಮ್ಮ ತುಮಕೂರಿನ ರಾಜಾ ರಾಮಣ್ಣ ಅವರ ಪಾತ್ರ ದೊಡ್ಡದು. 1949ರಲ್ಲಿ ಭಾಭಾ ಅವರನ್ನು ಸೇರಿದ್ದ ರಾಮಣ್ಣ ಪಿಯಾನೊ ನುಡಿಸುವ ಭೌತವಿಜ್ಞಾನಿ. ಭಾಭಾ ಚಿತ್ರ ಬರೆಯುವವರು, ಪಾಶ್ಚಾತ್ಯ ಸಂಗೀತದ ಹುಚ್ಚಿನವರು. ಜೋಡಿ ಚೆನ್ನಾಗಿಯೇ ಕೂಡಿತ್ತು.

ಈಗ ಆಸ್ಪತ್ರೆಯ ಕಡತಕ್ಕೆ ಬರುತ್ತೇನೆ. ಪರೇಲದ ಆಸ್ಪತ್ರೆಯಲ್ಲಿ ಮೊದಲಿನಿಂದಲೂ ಒಂದು ವಿಶೇಷವಿತ್ತು. ಪ್ಯಾರಿಸ್ಸಿನಲ್ಲಿ ಮೇರಿ ಕ್ಯೂರಿಯವರ ಬಳಿ ಕಲಿತು ಬಂದಿದ್ದ ರಾಮಯ್ಯ ನಾಯ್ಡು ಎಂಬ ಭೌತವಿಜ್ಞಾನಿ ಅಲ್ಲಿ ರೇಡಾನ್ ಘಟಕ ಕಟ್ಟಿದ್ದರು. ರೇಡಿಯಂನಿಂದ ಹೊರಡುವ ರೇಡಾನ್ ಅನಿಲವನ್ನು ಸಣ್ಣ ಕೊಳವೆಗಳಲ್ಲಿ ತುಂಬಿ ಗಡ್ಡೆಯೊಳಗೆ ಇಡುವ ಕಾಲ ಅದು. 1952ರಲ್ಲಿ ಆಸ್ಪತ್ರೆಯ ಜೊತೆಯಲ್ಲೇ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆಯಿತು, ಡಾ. ಖಾನೋಲ್ಕರ್ ಅದರ ಮುಖ್ಯಸ್ಥರಾದರು. 1957ರಲ್ಲಿ ದತ್ತಿಯವರು ಆಸ್ಪತ್ರೆಯನ್ನು ಕೇಂದ್ರದ ಆರೋಗ್ಯ ಖಾತೆಗೆ ಒಪ್ಪಿಸಿದರು. ಅಲ್ಲಿಯೇ ಇದ್ದಿದ್ದರೆ ಅದು ಒಂದು ಒಳ್ಳೆಯ ಸರಕಾರಿ ಆಸ್ಪತ್ರೆಯಾಗಿ ಉಳಿಯುತ್ತಿತ್ತೋ ಏನೋ.

1962ರಲ್ಲಿ ಅದು ಅಣುಶಕ್ತಿ ಖಾತೆಗೆ ಬಂತು. ಒಂದು ಆಸ್ಪತ್ರೆ, ಆರೋಗ್ಯ ಖಾತೆಯಿಂದ ಅಣುಶಕ್ತಿ ಖಾತೆಗೆ! 34 ವರ್ಷ ಗುಮಾಸ್ತಿಕೆ ಮಾಡಿದ ನನಗೆ ಇದರ ತೂಕ ಗೊತ್ತು. ಒಂದು ಖಾತೆಯ ಹಳೆಯ ಕಪಾಟನ್ನು ಪಕ್ಕದ ಕೋಣೆಯ ಇನ್ನೊಂದು ಖಾತೆಗೆ ವರ್ಗ ಮಾಡಲು ನಾವು ಎರಡು ವರ್ಷ ಪತ್ರ ಬರೆದಿದ್ದೇವೆ. ಇಲ್ಲಿ ಹಾಸಿಗೆ, ಸಿಬ್ಬಂದಿ, ರೋಗಿಗಳ ಸಮೇತ ಇಡೀ ಆಸ್ಪತ್ರೆ ವರ್ಗವಾಯಿತು. ಅದರ ಹಿಂದಿದ್ದ ಭಾಭಾ ಅವರ ವಿಚಾರ ಸರಳ. ಕ್ಯಾನ್ಸರಿಗೆ ವಿಕಿರಣ ದೊಡ್ಡ ಔಷಧ. ವಿಕಿರಣವನ್ನು ಬಲ್ಲವರು ಟ್ರಾಂಬೆಯಲ್ಲಿದ್ದಾರೆ, ರೋಗವನ್ನು ಬಲ್ಲವರು ಪರೇಲದಲ್ಲಿದ್ದಾರೆ. ಇಬ್ಬರೂ ಒಂದೇ ಮನೆಯವರಾಗಬೇಕು.

ಅದೇ 1962ರಲ್ಲಿ ಟ್ರಾಂಬೆಯಲ್ಲಿ ಎಂಎಸ್ಸಿ ಆದವರಿಗೆ ವೈದ್ಯಕೀಯ ವಿಕಿರಣದ ಭೌತಶಾಸ್ತ್ರದ ಒಂದು ವರ್ಷದ ಡಿಪ್ಲೊಮಾ ಶುರುವಾಯಿತು, ವಿಶ್ವ ಆರೋಗ್ಯ ಸಂಸ್ಥೆಯ ನೆರವೂ ಇತ್ತು. ಮರುವರ್ಷ, 1963ರಲ್ಲಿ, ಪರೇಲದ ಆಸ್ಪತ್ರೆಯ ಆವರಣದಲ್ಲೇ ವಿಕಿರಣ ವೈದ್ಯ ಕೇಂದ್ರ ತೆರೆದರು. ಟ್ರಾಂಬೆಯ ರಿಯಾಕ್ಟರಿನಲ್ಲಿ ತಯಾರಾದ ಅಯೋಡಿನ್ 131 ಅಲ್ಲಿ ಥೈರಾಯ್ಡ್ ರೋಗಿಗಳ ಹೊಟ್ಟೆ ಸೇರಿತು. ಅಕ್ಕನ ಕಾರ್ಡಿನ ಲೆಕ್ಕ ವಿವರಿಸಿದ ಆ ತರುಣ ಇದೇ ಡಿಪ್ಲೊಮಾದ ಸಾಲಿನಲ್ಲಿ ಬಂದವನು.

ಈ ಚಿಕಿತ್ಸೆಯಲ್ಲಿ ಯಾರ್ಯಾರು ಬೇಕು ಎಂದು ಸ್ವಲ್ಪ ಬರೆಯುತ್ತೇನೆ, ಮುಂದೆ ಯಾರ ಮನೆಗಾದರೂ ಉಪಯೋಗವಾದೀತು. ಡಾಕ್ಟರು ಗಡ್ಡೆ ಎಲ್ಲಿದೆ, ಎಲ್ಲಿಯವರೆಗೆ ಹರಡಿದೆ ಎಂದು ಗೆರೆ ಹಾಕುತ್ತಾರೆ, ಎಷ್ಟು ಪ್ರಮಾಣ ಎಂದು ಬರೆಯುತ್ತಾರೆ. ಫಿಸಿಕ್ಸಿನವರು ಆ ಪ್ರಮಾಣ ಯಾವ ಕೋನದಿಂದ, ಎಷ್ಟು ಹೊತ್ತಿನಲ್ಲಿ ತಲುಪುತ್ತದೆಂದು ಲೆಕ್ಕ ಹಾಕುತ್ತಾರೆ, ಯಂತ್ರವನ್ನು ಅಳೆದು ನೋಡುತ್ತಾರೆ. ತಂತ್ರಜ್ಞರು ರೋಗಿಯನ್ನು ದಿನವೂ ಅದೇ ಭಂಗಿಯಲ್ಲಿ ಮಲಗಿಸುತ್ತಾರೆ. ಇವರೆಲ್ಲರ ಹಿಂದೆ ಪ್ರಯೋಗಶಾಲೆಯಲ್ಲಿ ಜೀವಕೋಶಗಳನ್ನು ನೋಡುವವರು ಇರುತ್ತಾರೆ. ಒಂದೇ ದಿನ ಕೊಟ್ಟು ಮುಗಿಸದೆ ವಾರಕ್ಕೆ ಐದು ದಿನದಂತೆ ಐದಾರು ವಾರ ಏಕೆ ಕೊಡುತ್ತಾರೆ ಎಂಬುದಕ್ಕೆ ಉತ್ತರ ಅವರಿಂದ ಬಂದದ್ದು. ಪೆಟ್ಟು ತಿಂದ ಒಳ್ಳೆಯ ಜೀವಕೋಶ ಮರುದಿನದೊಳಗೆ ಬಹಳಷ್ಟು ರಿಪೇರಿ ಮಾಡಿಕೊಳ್ಳುತ್ತದೆ, ಕ್ಯಾನ್ಸರಿನ ಕೋಶಕ್ಕೆ ಅಷ್ಟು ಸಾಧ್ಯವಾಗುವುದಿಲ್ಲ. ನಡುವೆ ಬಹಳ ದಿನ ಬಿಟ್ಟರೆ ಉಳಿದ ಕ್ಯಾನ್ಸರ್ ಕೋಶ ಮತ್ತೆ ಬೆಳೆಯುತ್ತದೆ. ಅಕ್ಕನ ಜೊತೆಗೇ ಪರೇಲಕ್ಕೆ ಬಂದಿದ್ದ ಪಕ್ಕದ ಊರಿನ ಒಬ್ಬ ತಾಯಿ ಹಿಂಗಾರಿ ಬಿತ್ತನೆ ಬಂತೆಂದು ಅರ್ಧಕ್ಕೆ ಊರಿಗೆ ಮರಳಿದರು. ಮನೆಯವರನ್ನು ತಪ್ಪು ಎನ್ನಲಾರೆ, ಮಳೆ ನಮ್ಮ ತಾಲೂಕಿಗೆ ಎಷ್ಟು ಸಲ ಬರುತ್ತದೆಂದು ತಮಗೆಲ್ಲ ಗೊತ್ತು. ಆದರೆ ನಡುವೆ ಬಿಡಬಾರದು ಏಕೆ ಎಂದು ಅವರಿಗೆ ಅವರ ಮಾತಿನಲ್ಲಿ ಹೇಳುವವರು ಅಲ್ಲಿ ಇರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ನನಗೂ ಆಗ ತಿಳಿದಿರಲಿಲ್ಲ. ಆ ತಾಯಿ ಮುಂದಿನ ಯುಗಾದಿ ಕಾಣಲಿಲ್ಲ. ಅಕ್ಕ ಪೂರ್ತಿ ಮುಗಿಸಿಕೊಂಡು ಬಂದು ಹದಿನಾಲ್ಕು ವರ್ಷ ಬದುಕಿದಳು, ಮೊಮ್ಮಕ್ಕಳ ಜವಳ ಮಾಡಿದಳು.

ಭಾಭಾ ಅವರನ್ನು ಹೊಗಳುವಾಗ ಎದುರು ಮಾತನ್ನೂ ಹೇಳಬೇಕು. ವಿಜ್ಞಾನಿ ಮೇಘನಾದ ಸಹಾ ಅವರು ಅಣುವಿಜ್ಞಾನದ ಕೆಲಸವೆಲ್ಲ ವಿಶ್ವವಿದ್ಯಾಲಯಗಳ ಹೊರಗೆ ಒಂದೆಡೆ ಕೂಡಿಕೊಳ್ಳುವುದನ್ನು ವಿರೋಧಿಸಿದ್ದರು. ಅದರಲ್ಲಿ ಅರ್ಥವಿತ್ತು ಎಂದು ನನ್ನ ಅಭಿಪ್ರಾಯ. ಟ್ರಾಂಬೆಗೆ ಹಣ, ಉಪಕರಣ ಎಲ್ಲ ಸಿಕ್ಕವು, ತಾಲೂಕಿನ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಬೀಗ ಬಿದ್ದ ಕಪಾಟುಗಳೇ ಉಳಿದವು. ಭಾಭಾ ಅವರ ಉತ್ತರವೂ ತಿಳಿಯದ್ದೇನಲ್ಲ. ಸರಿಯಾದ ಮನುಷ್ಯನನ್ನು ಮೊದಲು ಹುಡುಕಿ ಅವನ ಸುತ್ತ ವಿಭಾಗ ಕಟ್ಟಬೇಕು, ಖುರ್ಚಿ ಮೊದಲು ಮಾಡಿ ಮನುಷ್ಯನನ್ನು ಆಮೇಲೆ ಹುಡುಕಬಾರದು ಎಂಬುದು ಅವರ ರೀತಿ.

ಅವರು ಮದುವೆಯಾಗಲಿಲ್ಲ. ಮಲಬಾರ್ ಹಿಲ್ಲಿನ ಮೆಹ್ರಾಂಗೀರ್ ಎಂಬ ಮನೆಯಲ್ಲಿ ತಾಯಿಯ ಜೊತೆ ಇದ್ದರು. ಗಿಡಮರಗಳ ಮೇಲೆ ಪ್ರಾಣ. ಕಟ್ಟಡಕ್ಕೆ ಅಡ್ಡ ಬಂದ ದೊಡ್ಡ ಮರಗಳನ್ನು ಕಡಿಯಲು ಬಿಡದೆ ಬೇರು ಸಮೇತ ಕೀಳಿಸಿ ಬೇರೆಡೆ ನೆಡಿಸುತ್ತಿದ್ದರು. ಕೊಲಾಬಾದ ಸಂಸ್ಥೆಯ ಗೋಡೆಗಳಿಗೆ ಹೊಸ ಚಿತ್ರಕಾರರ ಚಿತ್ರಗಳನ್ನು ತಾವೇ ಆರಿಸಿ ಕೊಳ್ಳುತ್ತಿದ್ದರು.

24 ಜನವರಿ 1966ರಂದು ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಅವರು ಕೂತಿದ್ದ ಏರ್ ಇಂಡಿಯಾದ ಕಾಂಚನಜಂಗಾ ವಿಮಾನ ಜಿನೀವಾ ಹತ್ತಿರ ಬಂದಾಗ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿಯಿತು. 117 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಭಾಭಾ ಅವರಿಗೆ ಆಗ 56 ವರ್ಷ. ನಾವು ನೌಕರರು ನಿವೃತ್ತಿಯ ಲೆಕ್ಕ ಹಾಕತೊಡಗುವ ವಯಸ್ಸು. ಅದೇ 1966ರಲ್ಲಿ ಪರೇಲದ ಆಸ್ಪತ್ರೆಯೂ ಸಂಶೋಧನಾ ಕೇಂದ್ರವೂ ಕೂಡಿ ಟಾಟಾ ಮೆಮೋರಿಯಲ್ ಸೆಂಟರ್ ಎಂದಾಯಿತು. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರಿಟ್ಟರು.

ಬಹಳ ಕಾಲದ ನಂತರ ಆ ಕೇಂದ್ರದವರು ನಮ್ಮಲ್ಲಿಯೇ ಕೋಬಾಲ್ಟ್ ಚಿಕಿತ್ಸೆಯ ಯಂತ್ರ ತಯಾರಿಸಿ ಅದಕ್ಕೆ ಭಾಭಾಟ್ರಾನ್ ಎಂದು ಕರೆದರು. 2005ರಲ್ಲಿ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆಗೆ ವಿಶ್ವವಿದ್ಯಾಲಯದ ಸ್ಥಾನ ಬಂತು. ಪರೇಲದಲ್ಲಿ ವಿಕಿರಣ ಚಿಕಿತ್ಸೆಯ ಎಂಡಿ ಓದುವ ಡಾಕ್ಟರಿಗೂ, ಖಾರ್ಘರದ ಪ್ರಯೋಗಶಾಲೆಯಲ್ಲಿ ಪಿಎಚ್‌ಡಿ ಮಾಡುವ ವಿಜ್ಞಾನಿಗೂ, ಟ್ರಾಂಬೆಯ ಡಿಪ್ಲೊಮಾದವರಿಗೂ ಪದವಿ ಪತ್ರ ಬರುವುದು ಒಂದೇ ಕಡೆಯಿಂದ, ಅವರ ಹೆಸರಿನಲ್ಲಿ.

ಕಳೆದ ತಿಂಗಳು ಸಂಘದ ಓದುಕೋಣೆಗೆ ಬರುವ ಒಬ್ಬ ಹುಡುಗಿ, ನಮ್ಮ ಕನ್ನಡ ಶಾಲೆಯಲ್ಲೇ ಏಳನೆಯವರೆಗೆ ಕಲಿತವಳು, ಈಗ ಫಿಸಿಕ್ಸ್ ಎಂಎಸ್ಸಿ ಮುಗಿಸಿದ್ದಾಳೆ, ಈ ಡಿಪ್ಲೊಮಾದ ವಿಷಯ ಕೇಳಿದಳು. ಕೂತು ಅರ್ಜಿ ತುಂಬಿದೆವು. ಶಾಲೆಯ ದಾಖಲೆಯಲ್ಲಿ ಅವಳ ಅಪ್ಪನ ಹೆಸರು ಒಂದು ರೀತಿ, ಪಡಿತರ ಚೀಟಿಯ ಮರಾಠಿಯಲ್ಲಿ ಇನ್ನೊಂದು ರೀತಿ, ಗಡಿಯವರ ಎಂದಿನ ಪಾಡು. ಅದಕ್ಕೊಂದು ಅಫಿಡವಿಟ್ ಮಾಡಿಸಿ ಜೋಡಿಸಿದೆವು. ನಾನು ಹಳೆಯ ರೂಢಿಯಿಂದ ಒಂದು ಕಡೆ ಜನ್ಮ ದಿನಾಂಕದ ಜಾಗದಲ್ಲಿ ಅಂದಿನ ದಿನಾಂಕ ಬರೆದಿದ್ದೆ, ಅವಳೇ ನೋಡಿ ತಿದ್ದಿದಳು. ಅರ್ಜಿ ಹೋಗಿದೆ. ಪ್ರವೇಶ ಪರೀಕ್ಷೆಯ ಕರೆಗೆ ಕಾಯುತ್ತಿದ್ದೇವೆ.

– ಕಾರ್ಯದರ್ಶಿ, ಕುಣಿಕೋಣೂರ